ಹಳೆಯ ದೊಡ್ಡ ಕಾರು, ಹೊಸ ಖರ್ಚು

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಪ್ರಧಾನಿ ನರೇಂದ್ರ ಮೋದಿ ಅದನ್ನು ನೆರವೇರಿಸಿದ್ದು ಮಂಡ್ಯ ಜಿಲ್ಲೆಯ ನೆಲದ ಮೇಲೇ. ಅಲ್ಲಿಯವರೆಗೆ ರಾಜಧಾನಿಯಿಂದ ಮೈಸೂರಿಗೆ ಹೊರಟ ಹೆಚ್ಚಿನ ಕಾರುಗಳು ಮದ್ದೂರು ಪೇಟೆ, ಮಂಡ್ಯ ಪೇಟೆಗಳನ್ನು ಹಾದೇ ಹೋಗಬೇಕಿತ್ತು. ಕನಕಪುರದ ದಾರಿ ಹಿಡಿದವು ಮಳವಳ್ಳಿಯನ್ನು ಹಾಯುತ್ತಿದ್ದವು. ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗರಿಗೆ ಆ ರಸ್ತೆಯೇ ಒಂದು ಕಾರು ಪ್ರದರ್ಶನ. ಮದ್ದೂರು ವಡೆ ತಿನ್ನಲು ನಿಂತ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗಾಜಿನೊಳಗೆ ಇಣುಕಿ, ಮೀಟರಿನಲ್ಲಿ ಎಷ್ಟರವರೆಗೆ ಅಂಕಿ ಬರೆದಿದೆ ಎಂದು ನೋಡಿ ಬರುವುದು ಒಂದು ಕಾಲದ ಸಂಜೆಯ ಕೆಲಸವಾಗಿತ್ತು. ಈಗ ಹೊಸ ಕಾರುಗಳು ಬೈಪಾಸಿನ ಮೇಲೆ ಹಾರಿಹೋಗುತ್ತವೆ. ಆದರೆ ಅಂದು ಹಾದುಹೋದ ಕಾರುಗಳಲ್ಲಿ ಕೆಲವು ಬೇರೆ ರೂಪದಲ್ಲಿ ಊರಿಗೆ ಮರಳುತ್ತಿವೆ: ಸೆಕೆಂಡ್ ಹ್ಯಾಂಡ್ ಆಗಿ, ಮೂರನೆಯ ಅಥವಾ ನಾಲ್ಕನೆಯ ಮಾಲೀಕನನ್ನು ಹುಡುಕಿಕೊಂಡು.

ಹತ್ತು ವರ್ಷದ ಹಿಂದೆ ಇಪ್ಪತ್ತು ಲಕ್ಷ ರೂಪಾಯಿ ಇದ್ದ ಡಿಕ್ಕಿಯ ಕಾರು ಇಂದು ಒಂದು ಹೊಸ ಸಣ್ಣ ಕಾರಿಗಿಂತ ಕಡಿಮೆಗೆ ಸಿಗುತ್ತದೆ ಎಂಬ ಸುದ್ದಿ ಬಹಳ ಮನೆಗಳಲ್ಲಿ ಅಪ್ಪ-ಮಗನ ವಾದಕ್ಕೆ ಕಾರಣವಾಗಿದೆ. ‘ಹೊಸ ಸಣ್ಣ ಕಾರಿನ ರೇಟಿಗೆ ಎಂಥಾ ಕಾರು ಬತ್ತದೆ ನೋಡಪ್ಪ’ ಎಂದು ಮಗ ಫೋನಿನಲ್ಲಿ ಚಿತ್ರ ತೋರಿಸುತ್ತಾನೆ. ‘ಅಷ್ಟ್ ದೊಡ್ಡ ಕಾರ ಇಷ್ಟ್ ಕಮ್ಮಿಗೆ ಯಾಕ್ಲಾ ಕೊಡ್ತಾವ್ನೆ?’ ಎಂದು ಅಪ್ಪ ಕೇಳುತ್ತಾನೆ. ಅಪ್ಪನದು ಅನುಮಾನದ ಪ್ರಶ್ನೆಯಲ್ಲ, ಅರ್ಥಶಾಸ್ತ್ರದ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಾದರೆ ಕಾರು ಕೊಳ್ಳಬೇಕೆ ಬೇಡವೆ ಎಂಬುದೂ ಅರ್ಧ ಗೊತ್ತಾದ ಹಾಗೆ.

ಬೆಲೆ ಇಳಿಯುವ ಲೆಕ್ಕವನ್ನು ಪಿಯುಸಿ ಓದುವ ಯಾರಾದರೂ ಮಾಡಬಹುದು. ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರಕ್ಕೆ ಬಳಸುವ ಕಾರಿಗೆ ವರ್ಷಕ್ಕೆ ಶೇ 15ರಷ್ಟು ಸವಕಳಿ ಹಿಡಿಯುವ ಪದ್ಧತಿ ಬಹಳ ಕಾಲದಿಂದ ಇದೆ. ಈ ಶೇ 15 ಪ್ರತಿವರ್ಷ ಮೂಲ ಬೆಲೆಯ ಮೇಲಲ್ಲ, ಉಳಿದ ಬೆಲೆಯ ಮೇಲೆ. ಅಂದರೆ ಚಕ್ರಬಡ್ಡಿಯನ್ನು ತಿರುವುಮುರುವು ಮಾಡಿದಂತೆ. 20 ಲಕ್ಷದ ಕಾರು ಒಂದು ವರ್ಷಕ್ಕೆ 17 ಲಕ್ಷ, ಎರಡನೆಯ ವರ್ಷಕ್ಕೆ 14.45 ಲಕ್ಷ, ಐದನೆಯ ವರ್ಷದ ಕೊನೆಗೆ 8.87 ಲಕ್ಷ, ಹತ್ತನೆಯ ವರ್ಷದ ಕೊನೆಗೆ 3.94 ಲಕ್ಷ. ಮೊದಲ ವರ್ಷ ಕರಗಿದ್ದು ಮೂರು ಲಕ್ಷ. ಹತ್ತನೆಯ ವರ್ಷ ಕರಗಿದ್ದು 70 ಸಾವಿರಕ್ಕೂ ಕಡಿಮೆ. ವಿಮೆಯವರು ಕಾರಿನ ಮೌಲ್ಯ ಕಟ್ಟಲು ಬಳಸುತ್ತ ಬಂದ ಪಟ್ಟಿಯೂ ಇದರ ಹತ್ತಿರಕ್ಕೇ ಬರುತ್ತದೆ: ಒಂದರಿಂದ ಎರಡು ವರ್ಷದ ಕಾರಿಗೆ ಶೇ 20, ಎರಡರಿಂದ ಮೂರಕ್ಕೆ ಶೇ 30, ನಾಲ್ಕರಿಂದ ಐದಕ್ಕೆ ಶೇ 50 ಕಡಿತ. ಐದು ವರ್ಷ ದಾಟಿದ ಮೇಲೆ ಕಂಪನಿಯೂ ಮಾಲೀಕನೂ ಕೂತು ಒಪ್ಪಿದ್ದೇ ಬೆಲೆ.

ಸಂತೆಯ ಬೆಲೆ ಈ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲ, ನಿಜ. ಬಿಡಿಭಾಗ ಎಲ್ಲೆಡೆ ಸಿಗುವ ಕಾರು ಇದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಕಂಪನಿಯೇ ದೇಶ ಬಿಟ್ಟುಹೋದ ಕಾರು ಇದಕ್ಕಿಂತ ಬೇಗ ಮುಗ್ಗರಿಸುತ್ತದೆ. ಹೊಸ ಕಾರಿನ ತೆರಿಗೆ ಬದಲಾದಾಗಲೂ ಹಳೆಯದರ ಬೆಲೆ ಕದಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ದೊಡ್ಡವುಗಳಿಗೆ ಸೆಸ್ ತೆಗೆದು ಒಟ್ಟಿಗೆ ಶೇ 40 ಮಾಡಿದರು. ಹೊಸದು ಅಗ್ಗವಾದಾಗ ಹಳೆಯದನ್ನು ಹಿಂದಿನ ದರಕ್ಕೇ ಹಿಡಿದುಕೊಂಡು ಕೂತ ದಲ್ಲಾಳಿಯ ಬಳಿ ಚೌಕಾಸಿಗೆ ಅವಕಾಶ ಹೆಚ್ಚು.

ಇಷ್ಟು ಮಾತ್ರ ನೋಡಿದರೆ ಮಗನ ವಾದವೇ ಗೆದ್ದಂತೆ. ಹದಿನಾರು ಲಕ್ಷದ ನಷ್ಟವನ್ನು ಮೊದಲಿನವರು ಹೊತ್ತಿದ್ದಾರೆ, ಉಳಿದ ನಾಲ್ಕು ಲಕ್ಷಕ್ಕೆ ಚರ್ಮದ ಸೀಟಿನ ಕಾರು ಮನೆಯ ಮುಂದೆ ನಿಲ್ಲುತ್ತದೆ. ಆದರೆ ಇಳಿದದ್ದು ಕಾರಿನ ಬೆಲೆ ಮಾತ್ರ; ಕಾರನ್ನು ಸಾಕುವ ಖರ್ಚು ಇಳಿದಿಲ್ಲ. ಆ ಕಾರಿನ ಹೆಡ್‌ಲೈಟು, ಟೈರು, ಗೇರ್‌ಬಾಕ್ಸು ಇವೆಲ್ಲ ಇಂದಿಗೂ ಇಪ್ಪತ್ತು ಲಕ್ಷದ ಕಾರಿನವೇ. ಬಿಡಿಭಾಗ ಮಾರುವವನು ‘ಈ ಗಾಡಿ ನಾಲ್ಕು ಲಕ್ಷದ್ದು’ ಎಂದು ರಿಯಾಯಿತಿ ಕೊಡುವುದಿಲ್ಲ. ಮಾರುವವರು ಕಡಿಮೆಗೆ ಕೊಡುವುದಕ್ಕೆ ಬಹುತೇಕ ಇದೇ ಕಾರಣ. ಅವರಿಗೆ ಮುಂದಿನ ಬಿಲ್ಲು ಕಾಣುತ್ತಿರುತ್ತದೆ, ಕೊಳ್ಳುವವರಿಗೆ ಕಾಣುವುದು ಬಣ್ಣ.

ಸರ್ಕಾರವೂ ರಿಯಾಯಿತಿ ಕೊಡುವುದಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ವಿಮೆಯ ದರ ಖಾಸಗಿ ಕಾರಿಗೆ ಹೀಗಿದೆ: 1000 ಸಿ.ಸಿ.ವರೆಗೆ 2,094 ರೂ., 1000ದಿಂದ 1500 ಸಿ.ಸಿ.ವರೆಗೆ 3,416 ರೂ., 1500 ಮೀರಿದರೆ 7,897 ರೂ. ಅದರ ಮೇಲೆ ತೆರಿಗೆ ಬೇರೆ. ಈ ಪಟ್ಟಿಯಲ್ಲಿ ಕಾರಿನ ವಯಸ್ಸಿಗೆ ಅಂಕಣವೇ ಇಲ್ಲ. ನಿನ್ನೆ ಶೋರೂಮಿನಿಂದ ಬಂದ ಎರಡು ಲೀಟರಿನ ಕಾರಿಗೂ ಹದಿನಾಲ್ಕು ವರ್ಷದ ಎರಡು ಲೀಟರಿನ ಕಾರಿಗೂ ಒಂದೇ ದರ. ಹದಿನೈದು ವರ್ಷ ತುಂಬಿದರೆ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್ 1ಕ್ಕೆ ಮೊದಲು 600 ರೂಪಾಯಿ ಇದ್ದ ಆ ಶುಲ್ಕ ಅಂದಿನಿಂದ 5,000 ಆಯಿತು. ವಿದೇಶದಿಂದ ಇಡಿಯಾಗಿ ತರಿಸಿದ ಕಾರಾದರೆ 40,000. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಇದೂ ಇಮ್ಮಡಿಯಾಯಿತು.

ಇನ್ನು ಕಂಪನಿಯ ಕರಪತ್ರದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ತಾಂತ್ರಿಕ ವಿವರಗಳ ಪಟ್ಟಿ. ಹುಡುಗರು ಅದನ್ನು ಬಾಯಿಪಾಠ ಮಾಡಿರುತ್ತಾರೆ, ಹಿರಿಯರು ಪುಟ ಮಗುಚುತ್ತಾರೆ. ಅದನ್ನು ಖರ್ಚಿನ ಪಟ್ಟಿಯಾಗಿಯೂ ಓದಬಹುದು.

ಎಚ್‌ಪಿ ಎಂದರೇನೆಂದು ಮಂಡ್ಯದ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಬೋರ್‌ವೆಲ್ಲಿಗೆ ಐದು ಎಚ್‌ಪಿ ಮೋಟರು ಸಾಕೆ, ಏಳೂವರೆ ಬೇಕೆ ಎಂದು ಲೆಕ್ಕ ಹಾಕಿದವರೇ ಎಲ್ಲ. 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲಕ್ಕೆತ್ತುವ ಸಾಮರ್ಥ್ಯ ಒಂದು ಎಚ್‌ಪಿ. 125 ಎಚ್‌ಪಿಯ ಕಾರೆಂದರೆ ಬಾನೆಟ್ಟಿನ ಕೆಳಗೆ ಇಪ್ಪತ್ತೈದು ಪಂಪ್‌ಸೆಟ್. ಹಾಗಿದ್ದರೆ 45 ಎಚ್‌ಪಿ ಟ್ರಾಕ್ಟರು ಎಳೆಯುವ ಕಬ್ಬಿನ ಟ್ರೈಲರನ್ನು 125 ಎಚ್‌ಪಿಯ ಕಾರು ಏಕೆ ಎಳೆಯಲಾರದು? ಇದು ಭೌತಶಾಸ್ತ್ರದ ಮೇಷ್ಟರು ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ. ಎಚ್‌ಪಿ ಎಂಬುದು ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದರ ಅಳತೆ. ಚಕ್ರವನ್ನು ತಿರುಚುವ ಬಲದ ಅಳತೆ ಟಾರ್ಕ್. ಸ್ಪ್ಯಾನರಿನ ಹಿಡಿ ಉದ್ದವಿದ್ದಷ್ಟೂ ನಟ್ಟು ಸುಲಭವಾಗಿ ಬಿಚ್ಚುತ್ತದಲ್ಲ, ಅದೇ ಬಲ. ಟ್ರಾಕ್ಟರಿನ ಗೇರುಗಳು ವೇಗವನ್ನು ಬಿಟ್ಟುಕೊಟ್ಟು ಈ ಬಲವನ್ನು ಹಲವು ಪಟ್ಟು ಮಾಡಿಕೊಳ್ಳುತ್ತವೆ. ಜೊತೆಗೆ ಟ್ರಾಕ್ಟರಿನ ತೂಕ ಹಿಂದಿನ ದೊಡ್ಡ ಗಾಲಿಗಳ ಮೇಲೆ ಕೂತು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಇದರಿಂದ ಕಾರು ಕೊಳ್ಳುವವರಿಗೆ ಆಗುವ ಉಪಯೋಗವೆಂದರೆ, ಎಚ್‌ಪಿ ಒಂದನ್ನೇ ನೋಡಿ ಮರುಳಾಗದಿರುವುದು. 2001ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾದ 1.9 ಲೀಟರ್ ಡೀಸೆಲ್ ಎಂಜಿನ್ನಿಗೆ ಇದ್ದದ್ದು 90 ಎಚ್‌ಪಿ ಮಾತ್ರ, ಆದರೆ ಟಾರ್ಕ್ 210 ನ್ಯೂಟನ್ ಮೀಟರು. ಐದು ಜನ ಕೂತು ಡಿಕ್ಕಿ ತುಂಬ ಸಾಮಾನು ಹೇರಿದರೂ ಏರಿನಲ್ಲಿ ಏದುಸಿರು ಬಿಡದ ಕಾರೆಂದು ಅದು ಹೆಸರು ಮಾಡಿದ್ದು ಈ ಎರಡನೆಯ ಅಂಕಿಯಿಂದ. ಮತ್ತೊಂದು ತುದಿಯಲ್ಲಿ ಬಿಎಂಡಬ್ಲ್ಯು 320ಡಿ ಇದೆ. ಹಿಂದಿನ ದಶಕದ ಆ ಮಾದರಿಯಲ್ಲಿ 1995 ಸಿ.ಸಿ., 184 ಎಚ್‌ಪಿ, 380 ನ್ಯೂಟನ್ ಮೀಟರು. ಗಂಟೆಗೆ ಇನ್ನೂರು ಕಿಲೋಮೀಟರು ದಾಟಬಲ್ಲ ಕಾರು. ಆದರೆ ದಶಪಥ ಹೆದ್ದಾರಿಯಲ್ಲಿ ಪೊಲೀಸರು 2023ರಲ್ಲಿ ಜಾರಿಗೆ ತಂದ ಮಿತಿ ಗಂಟೆಗೆ 100 ಕಿ.ಮೀ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ದಂಡ ಮಾತ್ರವಲ್ಲ, ಎಫ್‌ಐಆರ್ ಕೂಡ. ಉಳಿದ ನೂರು ಕಿಲೋಮೀಟರಿಗೆ ಕೊಟ್ಟ ಹಣ ಮೀಟರಿನ ಗಾಜಿನ ಹಿಂದೆಯೇ ಉಳಿಯುತ್ತದೆ.

ಪಟ್ಟಿಯಲ್ಲಿ ಅದರ ಕೆಳಗೆ ಬರುವ ಟೈರಿನ ಅಳತೆಯನ್ನು ಯಾರೂ ಓದುವುದಿಲ್ಲ. 205/55 ಆರ್ 16 ಎಂದರೆ ಟೈರಿನ ಅಗಲ 205 ಮಿಲಿಮೀಟರು, ಅದರ ಗೋಡೆಯ ಎತ್ತರ ಅಗಲದ ಶೇ 55, ರೇಡಿಯಲ್ ಹೆಣಿಗೆ, ಒಳಗಿನ ರಿಮ್ಮಿನ ವ್ಯಾಸ 16 ಇಂಚು. ಆಲ್ಟೊ ಕಾರಿಗೆ ಬಹಳ ಕಾಲ ಹಾಕುತ್ತಿದ್ದದ್ದು 145/80 ಆರ್ 12. ಈ ಎರಡರ ನಡುವಿನ ಬೆಲೆಯ ಅಂತರವನ್ನು ಟೈರಿನ ಅಂಗಡಿಯಲ್ಲಿ ಕೇಳಿ, ನಾಲ್ಕರಿಂದ ಗುಣಿಸಿ ನೋಡುವುದು ಒಳ್ಳೆಯದು. ಗೋಡೆ ಗಿಡ್ಡವಾದಷ್ಟೂ ಗುಂಡಿಗೆ ಬಿದ್ದಾಗ ರಿಮ್ಮು ಬಾಗುವ ಸಂಭವ ಜಾಸ್ತಿ. ಬಿಎಂಡಬ್ಲ್ಯುವಿನ ಬಹುತೇಕ ಕಾರುಗಳು ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್-ಫ್ಲಾಟ್ ಟೈರುಗಳ ಮೇಲೆ ಬಂದವು. ಅದನ್ನು ನೆಚ್ಚಿಕೊಂಡು ಹಲವದರಲ್ಲಿ ಸ್ಟೆಪ್ನಿಯನ್ನೇ ಇಟ್ಟಿರಲಿಲ್ಲ. ರಾತ್ರಿ ಹತ್ತಕ್ಕೆ ಶಿವನಸಮುದ್ರದ ದಾರಿಯಲ್ಲಿ ಅದು ಪಂಕ್ಚರಾದರೆ ಮಳವಳ್ಳಿಯ ಪಂಕ್ಚರ್ ಅಂಗಡಿಯವನು ತಾನೇ ಏನು ಮಾಡಿಯಾನು?

ನೆಲದಿಂದ ಕಾರಿನ ಹೊಟ್ಟೆಗೆ ಇರುವ ಎತ್ತರ ಮತ್ತೊಂದು ಅಂಕಿ. ಕರಪತ್ರದಲ್ಲಿ ಅಚ್ಚಾಗುವುದು ಹೆಚ್ಚಾಗಿ ಖಾಲಿ ಕಾರಿನ ಎತ್ತರ. ಐದು ಜನ ಹತ್ತಿದ ಮೇಲೆ ಅದು ತಗ್ಗುತ್ತದೆ. 2006ರಲ್ಲಿ ಬಂದ ಹೋಂಡಾ ಸಿವಿಕ್ ಎಷ್ಟು ಚಂದದ ಕಾರೋ ನಮ್ಮ ಹಂಪುಗಳ ಮೇಲೆ ಹೊಟ್ಟೆ ಉಜ್ಜಿಕೊಳ್ಳುವುದರಲ್ಲೂ ಅಷ್ಟೇ ಪ್ರಸಿದ್ಧವಾಯಿತು. ಹಳ್ಳಿಯ ರಸ್ತೆಗಳಲ್ಲಿ ಇದು ಬರಿಯ ಗೀರಿನ ಮಾತಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದು ಇಲ್ಲಿನ ರೂಢಿ. ಹುರುಳಿ ಸೊಪ್ಪು ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ಹೊತ್ತಿಕೊಂಡು, ಕಾರೇ ಭಸ್ಮವಾದ ಸುದ್ದಿಗಳು ಹಳೇ ಮೈಸೂರು ಸೀಮೆಯಿಂದ ಮತ್ತೆ ಮತ್ತೆ ಬಂದಿವೆ. ಹೊಟ್ಟೆ ತಗ್ಗಿದಷ್ಟೂ ಅಪಾಯ ಹೆಚ್ಚು.

ದೊಡ್ಡ ಕಾರಿನ ವ್ಯಾಮೋಹ ಹೊಸದೇನಲ್ಲ. ಅಂಬಾಸಿಡರು, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ‘ಲಕ್ಸುರಿ’ ಎಂದರೆ ಕಾಂಟೆಸಾ. 1984ರಿಂದ 2002ರವರೆಗೆ ಹಿಂದುಸ್ತಾನ್ ಮೋಟಾರ್ಸ್ ತಯಾರಿಸಿದ ಈ ಕಾರಿಗೆ ಮೊದಲಲ್ಲಿ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನನ್ನೇ ಹಾಕಿದ್ದರು. ಐವತ್ತರ ಆಸುಪಾಸಿನ ಎಚ್‌ಪಿ, ಮೇಲೆ ನಾಲ್ಕೂವರೆ ಮೀಟರು ಉದ್ದದ ಮೈ. ಆನೆಗೆ ಕುದುರೆಯ ಎದೆ ಕೊಟ್ಟಂತೆ. ಮುಂದೆ ಜಪಾನಿನ ಇಸುಜು ಎಂಜಿನ್ ಬಂದ ಮೇಲೆ ಅದು ನಿಜವಾಗಿ ಓಡಿತು. ಬೆಂಗಳೂರಿನ ಸಿಪಾನಿ ಕಂಪನಿ ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೊವನ್ನು ಇಲ್ಲೇ ಜೋಡಿಸಿ ಮಾರಿತೆಂದರೆ ಇಂದಿನ ವಿದ್ಯಾರ್ಥಿಗಳು ನಂಬಲಾರರು. ಎರಡು ಲೀಟರಿನ ಡೀಸೆಲ್ ಎಂಜಿನ್, ಡಿಕ್ಕಿಯ ಮಾದರಿಯೂ ಇತ್ತು, ವ್ಯಾಗನ್ ಮಾದರಿಯೂ ಇತ್ತು. ಮಾರಾಟವಾದದ್ದು ಕೆಲವೇ ನೂರು. ಇಂಥ ಕಾರು ಇಂದು ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಅದು ಸಂಗ್ರಹಕಾರರ ವಸ್ತು; ಕಾಲೇಜಿಗೆ ಹೋಗಿಬರುವ ವಾಹನವಲ್ಲ.

ವ್ಯಾಗನ್ ಎಂದೊಡನೆ ಮಾರುತಿ ವ್ಯಾಗನ್ ಆರ್ ನೆನಪಾಗುತ್ತದೆ. ಹೆಸರು ಬಿಟ್ಟರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಡಿಕ್ಕಿಯ ಜಾಗದಲ್ಲಿ ಸೂರನ್ನು ಹಿಂದಿನವರೆಗೆ ಎಳೆದು, ಕೊನೆಗೊಂದು ಬಾಗಿಲಿಟ್ಟ ಕಾರು ನಿಜವಾದ ಸ್ಟೇಷನ್ ವ್ಯಾಗನ್. 1992ರ ಟಾಟಾ ಎಸ್ಟೇಟ್, ಆಮೇಲೆ ಮಾರುತಿ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, ಟಾಟಾ ಇಂಡಿಗೊ ಮರೀನಾ, ಆಕ್ಟೇವಿಯಾ ಕೋಂಬಿ ಒಂದಾದ ಮೇಲೊಂದು ಬಂದವು, ಹೋದವು. ನಾಲ್ಕು ಮೂಟೆ ತರಕಾರಿಯೋ ಮದ್ದೂರು ಮಾರುಕಟ್ಟೆಯ ಒಂದಷ್ಟು ಎಳನೀರೋ ಹಾಕಿಕೊಂಡು ಮನೆಮಂದಿಯೆಲ್ಲ ಕೂತು ಹೋಗಲು ಇದಕ್ಕಿಂತ ಅನುಕೂಲದ ಕಾರಿಲ್ಲ. ಆದರೆ ನಮ್ಮವರಿಗೆ ಡಿಕ್ಕಿ ಹೊರಗೆ ಚಾಚಿರಬೇಕು. ಇಲ್ಲದಿದ್ದರೆ ಆಂಬುಲೆನ್ಸಿನಂತೆ ಕಾಣುತ್ತದೆ ಎಂದು ಮೂಗು ಮುರಿದರು. ಒಳ್ಳೆಯ ಕಾರುಗಳು ಕೆಟ್ಟ ಬೆಲೆಗೆ ಬಿದ್ದದ್ದಕ್ಕೆ ಇಷ್ಟೇ ಕಾರಣ. ಹಳೆಯ ವ್ಯಾಗನ್ ಕೊಳ್ಳುವವರು ಹಿಂಬಾಗಿಲಿನ ಗಾಜು, ದೀಪ ಮೊದಲಾದ ಆ ಮಾದರಿಗೇ ಮೀಸಲಾದ ಭಾಗಗಳು ಸಿಗುತ್ತವೆಯೆ ಎಂದು ಮೊದಲು ವಿಚಾರಿಸಬೇಕು. ಎಂಜಿನ್ನಿನ ಭಾಗ ಡಿಕ್ಕಿಯ ಮಾದರಿಯದೇ ಆದ್ದರಿಂದ ಅದರ ಚಿಂತೆ ಅಷ್ಟಿಲ್ಲ.

ಹಾಗಾದರೆ ಹಳೆಯ ದೊಡ್ಡ ಕಾರು ಕೊಳ್ಳಲೇಬಾರದೆ? ಹಾಗೇನೂ ಇಲ್ಲ. ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಸಿಗುವ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಕೊರೊಲಾ ಕಾರುಗಳು 2003ರಿಂದ 2020ರವರೆಗೆ ಹೊರಬಂದವು. ಮೊದಲಿನದು 1.8 ಲೀಟರ್ ಪೆಟ್ರೋಲ್, 125 ಎಚ್‌ಪಿ. ಮುಂದೆ ಕೊರೊಲಾ ಆಲ್ಟಿಸ್ ಹೆಸರಿನಲ್ಲಿ ಬಂದಾಗ ಅದಕ್ಕೆ 1364 ಸಿ.ಸಿ.ಯ ಡೀಸೆಲ್ ಎಂಜಿನ್ನೂ ಸೇರಿತು. 88 ಎಚ್‌ಪಿ ಎಂದು ಹುಡುಗರು ಹೀಗಳೆಯುತ್ತಾರೆ. ಆದರೆ ಮೇಲೆ ಹೇಳಿದ ವಿಮೆಯ ಪಟ್ಟಿಗೆ ಹಿಂದಿರುಗಿದರೆ, ನಾಲ್ಕೂವರೆ ಮೀಟರು ಉದ್ದದ ಈ ಕಾರು ಸಣ್ಣ ಕಾರುಗಳ 3,416 ರೂಪಾಯಿಯ ಸಾಲಿನಲ್ಲೇ ಕೂರುತ್ತದೆ. ಪಟ್ಟಿಯನ್ನು ಖರ್ಚಿನ ಕಣ್ಣಿನಿಂದ ಓದುವುದೆಂದರೆ ಇದೇ. ಅದೇ ಬಿಡದಿಯಲ್ಲಿ 2013ರಿಂದ ತಯಾರಾದ ಕ್ಯಾಮ್ರಿ ಹೈಬ್ರಿಡ್ ಬೇರೆಯೇ ಕಥೆ. ಎರಡೂವರೆ ಲೀಟರಿನ ಎಂಜಿನ್ನಿನ ಜೊತೆ ಹಿಂದಿನ ಸೀಟಿನ ಬೆನ್ನಿಗೆ ಒಂದು ದೊಡ್ಡ ಬ್ಯಾಟರಿ. ಆ ಬ್ಯಾಟರಿಯ ಆರೋಗ್ಯದ ವರದಿ ಕೈಗೆ ಬರುವವರೆಗೆ ಮುಂಗಡ ಕೊಡುವುದು ಜಾಣತನವಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು ಓಟ, ಪೆಟ್ರೋಲು ಸುಲಭ ಲೆಕ್ಕಕ್ಕೆ ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೆ, ಲೀಟರಿಗೆ ಹತ್ತು ಕಿ.ಮೀ. ಕೊಡುವ ಎರಡು ಲೀಟರಿನ ಹಳೆಯ ಕಾರು ಒಂದು ಲಕ್ಷ ರೂಪಾಯಿ ಕುಡಿಯುತ್ತದೆ. ಹದಿನೆಂಟು ಕೊಡುವ 1200 ಸಿ.ಸಿ.ಯ ಕಾರಿಗೆ ಸುಮಾರು 55,500 ಸಾಕು. ವಿಮೆಯ ಅಂತರ 4,481 ಸೇರಿಸಿದರೆ ವರ್ಷಕ್ಕೆ ಸುಮಾರು 49 ಸಾವಿರ ಹೆಚ್ಚು. ಎಂಜಿನಿಯರಿಂಗ್ ಓದಿನ ನಾಲ್ಕು ವರ್ಷಕ್ಕೆ ಎರಡು ಲಕ್ಷದ ಹತ್ತಿರ. ಇದು ರಿಪೇರಿಗೆ ಮೊದಲಿನ ಮಾತು. ರಿಪೇರಿ ಬಂದರೆ, ಕಂಪ್ಯೂಟರು ಜೋಡಿಸದೆ ಕಾಯಿಲೆ ಹೇಳದ ಕಾರುಗಳಿವು. ಊರಿನ ಗ್ಯಾರೇಜಿನಲ್ಲಿ ಎಂಥ ಕೈಚಳಕದ ಮೆಕ್ಯಾನಿಕ್ ಇದ್ದರೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೊಂದರೆಗೆ ಬೆಂಗಳೂರಿಗೋ ಮೈಸೂರಿಗೋ ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗಬೇಕಾಗುತ್ತದೆ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಕಬ್ಬಿನ ಜಿಲ್ಲೆಗೆ ಅದು ಸಂತೋಷದ ವಿಷಯವಾದರೂ, ಹಳೆಯ ಕಾರುಗಳನ್ನು ಅದಕ್ಕೆಂದು ರೂಪಿಸಿರಲಿಲ್ಲ. ಅಂಥವುಗಳ ಮೈಲೇಜು ಶೇ 6-7ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ರಬ್ಬರಿನ ಕೊಳವೆಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಕೊಳ್ಳುವುದೆಂದು ನಿರ್ಧರಿಸಿದ ಮನೆಯಲ್ಲಿ ವಿದ್ಯಾರ್ಥಿಗೆ ಪತ್ತೇದಾರನ ಕೆಲಸ ವಹಿಸಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಸಣ್ಣ ಮುದ್ರೆ ಇರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ ತಯಾರಾದದ್ದು. ಮೀಟರು ಹದಿನೈದು ಸಾವಿರ ತೋರಿಸುತ್ತಿದ್ದು ಟೈರುಗಳು ಮಾತ್ರ ಕಾರಿಗಿಂತ ನಾಲ್ಕು ವರ್ಷ ಕಿರಿಯವಾಗಿದ್ದರೆ ಮೊದಲ ಟೈರುಗಳು ಎಲ್ಲಿ ಸವೆದವು ಎಂದು ಕೇಳಲೇಬೇಕು. ಹತ್ತು ವರ್ಷದ ಕಾರು 45 ಸಾವಿರ ಕಿ.ಮೀ. ಮಾತ್ರ ಓಡಿದೆ ಎಂದರೆ ದಿನಕ್ಕೆ ಹನ್ನೆರಡು ಕಿಲೋಮೀಟರು. ಬೆಂಗಳೂರಿನವರೊಬ್ಬರು ಅಷ್ಟರಲ್ಲಿ ಆಫೀಸು ಮುಟ್ಟಿ ಮನೆಗೆ ಮರಳುತ್ತಿದ್ದರೆ? ಇರಬಹುದು, ಇಲ್ಲದೆಯೂ ಇರಬಹುದು; ಸರ್ವೀಸಿನ ದಾಖಲೆ ನೋಡಿದರೆ ಗೊತ್ತಾಗುತ್ತದೆ. ಚಾಸಿಸ್ ಸಂಖ್ಯೆಯಲ್ಲಿ ಹದಿನೇಳು ಅಕ್ಷರ-ಅಂಕಿಗಳು ಇರುತ್ತವೆ. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಎಂಎ3 ಎಂದು ಆರಂಭವಾದರೆ ಮಾರುತಿ, ಎಂಬಿಜೆ ಎಂದಾದರೆ ಬಿಡದಿಯ ಟೊಯೋಟಾ. ಕಾರಿನ ಮೈಮೇಲೆ ಕೊರೆದ ಸಂಖ್ಯೆ ಆರ್‌ಸಿಯಲ್ಲಿ ಇರುವುದಕ್ಕೆ ಒಂದು ಅಕ್ಷರ ಹೊಂದದಿದ್ದರೂ ವ್ಯಾಪಾರ ಅಲ್ಲಿಗೇ ನಿಲ್ಲಬೇಕು.

ನೀರಿನಲ್ಲಿ ಮುಳುಗಿದ ಕಾರು ಎಲ್ಲಕ್ಕಿಂತ ದೊಡ್ಡ ಮೋಸ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯ ಮೇಲೇ ನೀರು ನಿಂತು ಕಾರು, ಬಸ್ಸುಗಳು ಮುಳುಗಿದ್ದವು. ಮರುವಾರ ಬೆಂಗಳೂರಿನ ಶ್ರೀಮಂತ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳ ಸೂರು ಮಾತ್ರ ಕಾಣುತ್ತಿತ್ತು. ಅಂಥ ಕಾರಿಗೆ ವಿಮೆಯ ಹಣ ಪಾವತಿಯಾದ ಮೇಲೂ ಅದು ಗುಜರಿಗೇ ಹೋಗುತ್ತದೆಂಬ ಖಾತರಿಯಿಲ್ಲ. ತೊಳೆದು, ಒಣಗಿಸಿ, ಹೊಸ ಸೀಟಿನ ಬಟ್ಟೆ ಹಾಕಿ ಮಾರುವವರಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಒಳಗಿನ ಸುರುಳಿಯಲ್ಲಿ ಕೆಸರಿನ ಗೆರೆ ಕಾಣಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ತುಕ್ಕು ಇದೆಯೆ ಎಂದು ನೋಡಬೇಕು. ಗಾಜು ಏರಿಸಿ ಹತ್ತು ನಿಮಿಷ ಬಿಟ್ಟು ಬಾಗಿಲು ತೆರೆದಾಗ ಮುಗ್ಗಲು ವಾಸನೆ ಬಂದರೆ ಬೇರೆ ಸಾಕ್ಷಿ ಬೇಡ.

ದೆಹಲಿಯ ನೋಂದಣಿಯ ಡೀಸೆಲ್ ಕಾರುಗಳು ಇಲ್ಲಿಯವಕ್ಕಿಂತ ಅಗ್ಗ ಎಂಬುದೂ ಸುಳ್ಳಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿಂದಾಚೆಗೆ ಅವು ದಕ್ಷಿಣಕ್ಕೆ ಬರತೊಡಗಿದವು. ಆದರೆ ಹೊರರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕೆಎ 11 ಸಂಖ್ಯೆ ಪಡೆಯಲೇಬೇಕು. ಅದಕ್ಕೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ಆಜೀವ ತೆರಿಗೆಯನ್ನೂ ಕಟ್ಟಬೇಕು. ಹೊಸ ಕಾರಿಗೆ 10ರಿಂದ 20 ಲಕ್ಷದವರೆಗೆ ಶೇ 17, ಅದನ್ನು ಮೀರಿದರೆ ಶೇ 18 ಇರುವ ತೆರಿಗೆ ಹಳೆಯದಕ್ಕೆ ವಯಸ್ಸಿಗೆ ತಕ್ಕಂತೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಗ್ಗದ ದೆಹಲಿ ಕಾರು ಮಂಡ್ಯದ ಆರ್‌ಟಿಒ ಕಚೇರಿ ದಾಟುವಷ್ಟರಲ್ಲಿ ಇಲ್ಲಿಯ ಬೆಲೆಗೇ ಬಂದು ನಿಂತರೆ ಆಶ್ಚರ್ಯವಿಲ್ಲ.

ಹಣ ಎಲ್ಲಿಂದ ಬರುತ್ತದೆ ಎಂಬುದು ಇನ್ನೊಂದು ಮಾತು. ಕಬ್ಬಿನ ಬಿಲ್ಲು ಕೈಗೆ ಬರುವ ತಿಂಗಳು, ಕಾಲೇಜಿನ ಶುಲ್ಕ ಕಟ್ಟುವ ತಿಂಗಳು ಒಂದೇ ಆಗಿರುವುದಿಲ್ಲ. ಆ ನಡುವಿನ ದಿನಗಳಲ್ಲಿ ಬ್ಯಾಂಕಿನಲ್ಲಿ ಕೂತ ನಾಲ್ಕು ಲಕ್ಷವೇ ಇಂಥ ಕಾರುಗಳ ಕಣ್ಣಿಗೆ ಬೀಳುವುದು. ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಹೆಚ್ಚು, ಮರುಪಾವತಿಯ ಅವಧಿ ಕಡಿಮೆ. ಮಳವಳ್ಳಿಯಿಂದ ಮಂಡ್ಯದ ಪಿಇಎಸ್ ಕಾಲೇಜಿಗೆ ದಿನವೂ ಓಡಾಡುವ ಹುಡುಗನಿಗೆ ಕೆಎಸ್‌ಆರ್‌ಟಿಸಿ ಪಾಸು ಇದೆ. ಹುಡುಗಿಗೆ 2023ರ ಜೂನ್ 11ರಿಂದ ಅದೂ ಬೇಕಿಲ್ಲ. ಶುಲ್ಕದ ಹಣವನ್ನು ಮುಟ್ಟದೆ, ಕಾರಿನ ಬೆಲೆಯ ಕಾಲುಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ಎತ್ತಿಡಲು ಸಾಧ್ಯವಿರುವ ಮನೆ ಈ ವ್ಯಾಪಾರಕ್ಕೆ ಕೈಹಾಕಬಹುದು. ನಾಲ್ಕು ಲಕ್ಷವೇ ಇದ್ದು ನಾಲ್ಕು ಲಕ್ಷದ ಕಾರು ಕೊಳ್ಳುವವರಿಗೆ ಎರಡು ಲಕ್ಷದ ಸಣ್ಣ ಕಾರು ಮೇಲು.

ಕಾರು ಬಂದ ಮೇಲೆ ಕೀಲಿ ಯಾರ ಕೈಯಲ್ಲಿ ಎಂಬುದನ್ನು ತಂದೆತಾಯಿ ಗಟ್ಟಿಯಾಗಿ ತೀರ್ಮಾನಿಸಬೇಕು. ‘ಪಕ್ಕದೂರಿಗೆ ತಾನೆ’ ಎಂದು ಹದಿನೇಳರ ಮಗನಿಗೆ ಕಾರು ಕೊಡುವವರು ಬಹಳ ಮಂದಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧವಾದರೆ ತಪ್ಪಿತಸ್ಥರು ಪೋಷಕರು ಅಥವಾ ವಾಹನದ ಮಾಲೀಕರು. ಮೂರು ವರ್ಷದವರೆಗೆ ಸೆರೆವಾಸ, 25 ಸಾವಿರ ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಇಲ್ಲ. ಲೈಸೆನ್ಸು ಕೇಳುವ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸೆಲ್ಲ ಅದರಲ್ಲೇ ಕಳೆದುಹೋಗುತ್ತದೆ.

ಕೊನೆಗೆ ಕಾಗದಪತ್ರ. ಹಳೆಯ ವಾಹನ ಮಾರುವ ಡೀಲರುಗಳು 2023ರ ಏಪ್ರಿಲ್ 1ರಿಂದ ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು. ಅದನ್ನು ತೋರಿಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಸಾಲ ಬಾಕಿ ಇದೆಯೆ, ದಂಡದ ಚಲನ್ ಉಳಿದಿದೆಯೆ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ವಾಹನದ ಸಂಖ್ಯೆ ಹಾಕಿ ನೋಡಬಹುದು. ಮಾಲೀಕತ್ವದ ಬದಲಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ್ದರೆ ಫಾರಂ 35. ಖಾಲಿ ಫಾರಮ್ಮಿಗೆ ಸಹಿ ಹಾಕಿಸಿಕೊಂಡು ‘ಆಮೇಲೆ ಮಾಡಿಸೋಣ ಬಿಡಿ’ ಎನ್ನುವ ದಲ್ಲಾಳಿಯ ಮಾತು ಕೇಳಿದರೆ ಕೊಳ್ಳುವವರಿಗಿಂತ ಮಾರುವವರಿಗೇ ಹೆಚ್ಚು ಅಪಾಯ. ಕಾರು ಎಷ್ಟು ಕೈ ದಾಟಿದ್ದರೂ ಅಪಘಾತವಾದಾಗ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕೊಂಡವರು ಹದಿನಾಲ್ಕು ದಿನದೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಬರೆಸಿಕೊಳ್ಳಬೇಕು. ಆರ್‌ಸಿ ಬಂದ ಮೇಲೆ ನೋಡೋಣ ಎಂದು ಬಿಟ್ಟವರಿಗೆ ಸ್ವಂತ ಕಾರು ಜಖಂ ಆದಾಗ ಕಂಪನಿ ಹಣ ಕೊಡಲು ತಕರಾರು ತೆಗೆಯುವುದು ಇಲ್ಲೇ.